ಬಳ್ಳಿ ಇಳಿಸಿದ ಬೇಸಿಗೆ

ಹೋದ ವಾರ ಆಫೀಸಿನ ಕೆಲಸ ಮುಗಿಸಿ ಬಸ್ಸಿನಲ್ಲಿ ಜರ್ಮನಿಯ ನಮ್ಮ ಊರು ಎರ್ಲಾಂಗೆನ್‌ಗೆ ಮರಳುತ್ತಿದ್ದೆ. ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ಡ್ರೈವರ್ ಬಾಗಿಲು ತೆಗೆದಿದ್ದೇ ತಡ, ಹತ್ತಿರದ ಕೊಟ್ಟಿಗೆಯಲ್ಲಿ ಒಣಹಾಕಿದ್ದ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ವಾಸನೆ ಒಳಗೆ ನುಗ್ಗಿತು. ನಿಂಬೆ ಸಿಪ್ಪೆ ಹಿಂಡಿದ ಹಾಗೆ, ಈಗಷ್ಟೇ ಕೊಯ್ದ ಹುಲ್ಲಿನ ಹಾಗೆ, ತಳದಲ್ಲಿ ಎಲ್ಲೋ ಒಂಚೂರು ಬೆಳ್ಳುಳ್ಳಿ ಬೆರೆತ ಹಾಗೆ. ಪಕ್ಕದ ಸೀಟಿನ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಗೆ ತಲೆಯಾನಿಸಿ ಉಸಿರು ಎಳೆದುಕೊಂಡೆ. ಎರ್ಲಾಂಗೆನ್ ಬರುವವರೆಗೂ ನಾಲ್ಕು ವರ್ಷದ ಹಿಂದಿನ ಆ ಒಂದು ಬೇಸಿಗೆ ನನ್ನನ್ನು ಬಿಡಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾನು ಮನೆಯಲ್ಲಿ ಬಿಯರ್ ಮಾಡುತ್ತೇನೆ. ಧಾರವಾಡದ ಲಿಂಗಾಯತರ ಮನೆಯ ಮಗಳು, ಸವಣೂರಿನ ಲಿಂಗಾಯತರ ಮನೆಯ ಸೊಸೆ. ಮಾಡುವುದಷ್ಟೇ ಅಲ್ಲ, ಕುಡಿಯುತ್ತೇನೆ ಕೂಡ. ಇದನ್ನು ಓದಿ ಯಾರಿಗಾದರೂ ಮುಖ ಹುಳ್ಳಗಾದರೆ ಈಗಲೇ ಪುಟ ತಿರುವಬಹುದು. ಕ್ಷಮೆ ಕೇಳುವ ಬರಹ ಇದಲ್ಲ.

ಶುರುವಾಗಿದ್ದು ಸಿಟ್ಟಿನಿಂದಲೇ. ನನ್ನ ವಿಭಾಗದ ಐದಾರು ಗಂಡಸರು ಶನಿವಾರಗಳಲ್ಲಿ ಒಬ್ಬರ ಗ್ಯಾರೇಜಿನಲ್ಲಿ ಸೇರಿ ಬಿಯರ್ ಮಾಡುತ್ತಿದ್ದರು. ಸೋಮವಾರ ಕಾಫಿ ಹೊತ್ತಿನಲ್ಲಿ ಅದೇ ಮಾತು: ಎಷ್ಟು ಡಿಗ್ರಿ, ಎಷ್ಟು ಹೊತ್ತು, ಯಾವ ಯೀಸ್ಟು. ನಾನು ಓದಿದ್ದು ಕೆಮಿಕಲ್ ಇಂಜಿನಿಯರಿಂಗ್. ಅವರು ಎಲ್ಲಿ ತಪ್ಪುತ್ತಿದ್ದಾರೆಂದು ಕೇಳಿಸಿಕೊಂಡೇ ನನಗೆ ಗೊತ್ತಾಗುತ್ತಿತ್ತು. ಒಂದು ದಿನ, ನಾನೂ ಬರಲಾ ಎಂದು ಕೇಳಿದೆ. ಅವರಲ್ಲೊಬ್ಬ ಬಹಳ ಮರ್ಯಾದೆಯಿಂದಲೇ ಹೇಳಿದ: "ಆದರೆ ನಿಮ್ಮಲ್ಲಿ ಹೆಂಗಸರು ಕುಡಿಯೋದಿಲ್ಲ ಅಲ್ವಾ? ನಿಮಗೆ ಬೇಜಾರಾಗಬಹುದು ಅಂತ ಕರೀಲಿಲ್ಲ."

ನಮ್ಮವರ ಕಡೆ ಬೇರೆ ತರಹ. ಕನ್ನಡದವರು ಸೇರಿ ಪಾರ್ಕಿನಲ್ಲಿ ಗ್ರಿಲ್ ಹಾಕಿದರೆ ಗಂಡಸರ ಕೈಯಲ್ಲೆಲ್ಲ ಬಾಟಲಿ, ಹೆಂಗಸರ ಕೈಯಲ್ಲಿ ಸೇಬಿನ ಜ್ಯೂಸು. ಒಮ್ಮೆ ನಾನೂ ಒಂದು ಬಾಟಲಿ ತೆಗೆದುಕೊಂಡೆ. ಮರುದಿನ ಮೈಸೂರಿನ ರೇಖಾ ಫೋನ್ ಮಾಡಿದ್ದು ನನಗಲ್ಲ, ನನ್ನ ಗಂಡ ವೀರೇಶನಿಗೆ. "ನಿಮ್ ಮನೆಯವ್ರಿಗೆ ಸ್ವಲ್ಪ ಹೇಳಿ ವೀರೇಶ್, ಮಕ್ಕಳೆಲ್ಲ ನೋಡ್ತಿರ್ತವೆ." ವೀರೇಶ ಜೀವಮಾನದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಹಾಗಂತ ನನಗೆ ಒಂದು ಮಾತೂ ಹೇಳಿದವನಲ್ಲ. ಫೋನಿಟ್ಟು, "ಆಕೀಗೆ ಏನ್ ಹೇಳ್ಲಿ ಹೇಳು," ಎಂದು ನಕ್ಕ. ಆ ವಾರವೇ ನಾನು ಇಪ್ಪತ್ತು ಲೀಟರಿನ ಸ್ಟೀಲ್ ಪಾತ್ರೆ ತರಿಸಿದೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಚೀಲವನ್ನು ಕಾರಿನಿಂದ ಮೂರನೇ ಮಹಡಿಗೆ ಹೊತ್ತು ತಂದವನೂ ವೀರೇಶನೇ.

ಊರಂಚಿನಲ್ಲಿ, ನದಿಗೆ ಹತ್ತಿರ, ನಮಗೊಂದು ಕ್ಲೈನ್‌ಗಾರ್ಟನ್ ಇತ್ತು. ಒಂದು ಸಂಘ ಸಾಲಾಗಿ ಬಾಡಿಗೆಗೆ ಕೊಡುವ ತೋಟದ ತುಂಡುಗಳಲ್ಲಿ ಒಂದು. ಮೂರು ವರ್ಷ ಕಾದ ಮೇಲೆ ಸಿಕ್ಕಿದ್ದು. ಪಕ್ಕದ ತುಂಡು ಫ್ರಾವ್ ವಿಂಕ್ಲರ್ ಅವರದು. ಎಪ್ಪತ್ತೈದು ದಾಟಿದ ಮುದುಕಿ, ಹಾಪ್ಸ್ ಬೆಳೆಯುವ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ನಾನು ಬಿಯರ್ ಮಾಡುತ್ತೇನೆಂದು ಗೊತ್ತಾದ ದಿನವೇ ಅರಿಶಿನದ ಕೊಂಬಿನಂಥ ನಾಲ್ಕು ಬೇರಿನ ತುಂಡುಗಳನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. "ಅಂಗಡಿಯ ಹಾಪ್ಸ್ ಹಾಕಿ ಮಾಡಿದರೆ ಅದು ಅಂಗಡಿಯ ಬಿಯರ್," ಎಂದರು. ಮೊದಲ ವರ್ಷ ಬಳ್ಳಿ ನನ್ನ ಸೊಂಟದೆತ್ತರಕ್ಕೆ ಬಂದು ಸುಮ್ಮನಾಯಿತು. ಎರಡನೇ ವರ್ಷ ಒಂದು ಬೊಗಸೆ ಹೂವು. ಮೂರನೇ ವರ್ಷ ನಿಜವಾದ ಬೆಳೆ ಬರುತ್ತದೆ, ಆದರೆ ಬಳ್ಳಿಗೆ ಆರು ಮೀಟರ್ ಎತ್ತರ ಬೇಕು ಎಂದರು ಫ್ರಾವ್ ವಿಂಕ್ಲರ್. ಮಾರ್ಚ್‌ನಲ್ಲಿ ನಾನೂ ವೀರೇಶನೂ ಆರು ಮೀಟರಿನ ಮರದ ಕಂಬ ನೆಟ್ಟೆವು. ಸಂಘದ ನಿಯಮದಲ್ಲಿ ಬಳ್ಳಿಯ ಆಸರೆ ಎರಡೂವರೆ ಮೀಟರ್ ದಾಟಬಾರದು ಎಂದಿತ್ತು. ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಓದಿದ್ದೆ. ಓದಿಯೇ ನೆಟ್ಟಿದ್ದೆ.

ಮೇ ಕೊನೆಯಲ್ಲಿ ಅತ್ತೆ ನೀಲವ್ವ ಮೂರು ತಿಂಗಳ ವೀಸಾದಲ್ಲಿ ಬಂದರು. ಮೊದಲ ಸಲ ವಿಮಾನ ಹತ್ತಿದ್ದು. ಸವಣೂರಿನಲ್ಲಿ ಅವರದು ವೀಳ್ಯದೆಲೆಯ ತೋಟ. ಅರವತ್ತನಾಲ್ಕರ ವಯಸ್ಸಿನಲ್ಲೂ ಏಣಿ ಹತ್ತಿ ಎಲೆ ಕೊಯ್ಯುವವರು. ಬಂದ ಮರುದಿನವೇ, "ಮನ್ಯಾಗ ಕುಂತು ಏನ್ ಮಾಡ್ಲಿ?" ಎಂದು ನಮ್ಮ ಜೊತೆ ತೋಟಕ್ಕೆ ಬಂದರು. ಬಂದವರು ಟೊಮೆಟೊ ನೋಡಲಿಲ್ಲ, ಗುಲಾಬಿ ನೋಡಲಿಲ್ಲ. ಸೀದಾ ಕಂಬದ ಹತ್ತಿರ ಹೋಗಿ ನಿಂತರು.

"ಇದ್ಯಾವ ಬಳ್ಳಿ? ನಮ್ಮ ಎಲಿಬಳ್ಳಿ ತಂಗಿ ಇದ್ದಂಗ ಐತಲ್ಲ."

ನಾನು ಬಾಯಿ ತೆರೆಯುವ ಮೊದಲೇ ವೀರೇಶ ಹೇಳಿಬಿಟ್ಟ: "ಔಷಧದ್ದವ್ವ. ಇದರ ಹೂವಿನ ಚಾ ಮಾಡ್ತಾರ, ನಿದ್ದಿ ಚಂದ ಬರತೈತಿ."

ಪೂರ್ತಿ ಸುಳ್ಳೇನಲ್ಲ, ಇಲ್ಲಿನ ಅಂಗಡಿಗಳಲ್ಲಿ ಆ ಚಹಾ ಸಿಗುತ್ತದೆ. ಆದರೆ ಅದು ನಮ್ಮ ಸತ್ಯವಲ್ಲ. ಆಫೀಸಿನ ಗಂಡಸರಿಗೂ ರೇಖಾಗೂ ಹೆದರದ ನಾನು ಅವತ್ತು ಸುಮ್ಮನಿದ್ದುದಕ್ಕೆ ಕಾರಣವಿತ್ತು. ಅತ್ತೆಯ ಒಬ್ಬನೇ ತಮ್ಮ ಈರಣ್ಣ ಕುಡಿದು ಕುಡಿದು ಮೂವತ್ತೇಳಕ್ಕೆ ಸತ್ತಿದ್ದ. ಲಿವರ್ ಹೋಗಿ ಹಾಸಿಗೆ ಹಿಡಿದವನ ಬಾಯಿಗೆ ನೀರು ಬಿಟ್ಟವರು ಇವರೇ. ಆಮೇಲೆ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಅಂಗಡಿಯ ಮುಂದೆ ಹಗಲೂ ರಾತ್ರಿ ಕೂತು ಬಾಗಿಲು ಮುಚ್ಚಿಸಿದ್ದರು. ಈ ಕಥೆಯನ್ನು ನಾನು ಮದುವೆಯಾದ ವರ್ಷವೇ ಕೇಳಿದ್ದೆ.

ಹತ್ತು ದಿನ ಹೀಗೇ ನಡೆಯಿತು. ಅತ್ತೆ ದಿನಾ ಬೆಳಗ್ಗೆ ನನಗಿಂತ ಮೊದಲು ಎದ್ದು ತೋಟಕ್ಕೆ ಹೊರಟು ನಿಲ್ಲುತ್ತಿದ್ದರು. ಹಾಪ್ಸ್ ಕುಡಿಗಳನ್ನು ತಮ್ಮ ಹಳೇ ಸೀರೆಯ ಚಿಂದಿಯಿಂದ ಕಂಬಕ್ಕೆ ಕಟ್ಟಿದರು. ಮೊದಲ ದಿನ ಎಡಕ್ಕೆ ಸುತ್ತಿಸಿದ್ದರು. ಮರುದಿನ ನೋಡಿದರೆ ಬಳ್ಳಿ ತಾನೇ ಬಿಚ್ಚಿಕೊಂಡು ಬಲಕ್ಕೆ ತಿರುಗಿತ್ತು. "ಭಾಳ ಮೊಂಡ ಐತಿ," ಎಂದು ಖುಷಿಪಟ್ಟರು. ಬೇಲಿಯಾಚೆ ಫ್ರಾವ್ ವಿಂಕ್ಲರ್ ಏನೋ ಹೇಳಿದರೆ ನಾನು ಅನುವಾದಿಸಬೇಕು. ಕೊಯ್ಯುವಂಥ ಹೂ ಬಿಡುವುದು ಹೆಣ್ಣು ಬಳ್ಳಿ ಮಾತ್ರ ಎಂದಾಗ ಅತ್ತೆ ಕೇಳಿದರು: "ಹಂಗಾರ ಗಂಡು ಬಳ್ಳಿ?"

"ಉಪಯೋಗ ಇಲ್ಲಂತ ಅತ್ತಿ. ಕಿತ್ತು ಒಗೀತಾರಂತ."

ಅತ್ತೆ ಪೈಪ್ ಹಿಡಿದು ನಿಂತಿದ್ದ ಮಗನನ್ನು ಒಮ್ಮೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಯಾಕೆಂದು ತಿಳಿಯದಿದ್ದರೂ ಫ್ರಾವ್ ವಿಂಕ್ಲರ್ ಕೂಡ ನಕ್ಕರು.

ಹನ್ನೊಂದನೇ ದಿನ ಅತ್ತೆ ಬಳ್ಳಿಯ ಬುಡದಲ್ಲಿ ಕೂತು ಕಳೆ ತೆಗೆಯುತ್ತ ಹೇಳಿದರು: "ಇದರ ಚಾ ಒಂದೀಟು ಒಣಗಿಸಿ ಕಟ್ಟಿಕೊಡು. ನಮ್ಮ ಬಾಜೂಮನಿ ಶಾಂತವ್ವಗ ಒಯ್ತೀನಿ. ಗಂಡ ಹೋದಾಗಿಂದ ಆಕೀಗೆ ನಿದ್ದಿ ಇಲ್ಲ."

ನನ್ನ ಕೈಯಲ್ಲಿದ್ದ ಸಲಿಕೆ ಕೆಳಗಿಟ್ಟೆ.

"ಅತ್ತಿ, ಇದು ಚಾಕ್ಕಲ್ಲ. ಬಿಯರಿಗೆ."

"ಯಾರು ಮಾಡ್ತಾರ?"

"ನಾನು."

"ವೀರೇಶ ಕುಡೀತಾನ?"

"ಇಲ್ಲ. ಆತ ಮುಟ್ಟಂಗಿಲ್ಲ. ನಾನು ಕುಡೀತೀನಿ."

ಅತ್ತೆ ಕಳೆಯ ಬೇರಿಗೆ ಅಂಟಿದ್ದ ಮಣ್ಣನ್ನು ಕೊಡವಿ ಪಕ್ಕಕ್ಕಿಟ್ಟರು. ಇನ್ನೊಂದು ಕಿತ್ತರು. ಅದನ್ನೂ ಕೊಡವಿದರು.

"ನಿಲ್ಲಸಬೇಕು ಅಂದಾಗ ನಿಲ್ಲಸ್ತಿಯೇನು?"

"ನಿಲ್ಲಸ್ತೀನಿ."

"ಈರಣ್ಣನೂ ಹಿಂಗಽ ಅಂತಿದ್ದ."

ನನಗೆ ಸಿಟ್ಟು ನೆತ್ತಿಗೇರಿತು. "ನಾನು ಈರಣ್ಣ ಮಾಮಾ ಅಲ್ಲ ಅತ್ತಿ," ಎಂದುಬಿಟ್ಟೆ. ಮಾತು ಒರಟಾಯಿತೆಂದು ಆಗಲೇ ಅನಿಸಿತು. ಹಿಂದೆ ತೆಗೆದುಕೊಳ್ಳಲಿಲ್ಲ. ಅತ್ತೆ ಎದ್ದರು, ಕೈ ತೊಳೆದುಕೊಂಡರು, ಸೈಕಲ್ ದಾರಿಯ ಅಂಚಿನಲ್ಲಿ ಮನೆಯ ಕಡೆ ನಡೆದರು. ನಾನು ಸೈಕಲ್ ತಳ್ಳುತ್ತ ಹತ್ತು ಹೆಜ್ಜೆ ಹಿಂದೆ ನಡೆದೆ.

ಅಂದು ಸಂಜೆ ಅವರು ಅಡುಗೆಮನೆಗೆ ಬಂದು ಕೇಳಿದ್ದು ಒಂದೇ ಮಾತು, ಅದೂ ವೀರೇಶನಿಗೆ: "ಅದನ್ನ ಮಾಡೂ ಪಾತ್ರಿ ಯಾವುದು?" ಅವನು ತೋರಿಸಿದ. ಬೆಳಗ್ಗೆ ಎದ್ದು ನೋಡಿದರೆ ನನ್ನ ಇಪ್ಪತ್ತು ಲೀಟರಿನ ಪಾತ್ರೆ ಬಾಲ್ಕನಿಯಲ್ಲಿತ್ತು. ನಾನು ಒಳಗೆ ತಂದಿಟ್ಟೆ. ಮರುದಿನ ಬೆಳಗ್ಗೆ ಮತ್ತೆ ಬಾಲ್ಕನಿಯಲ್ಲಿ. ಮತ್ತೆ ಒಳಗೆ ತಂದೆ. ದಿನವೂ ಆ ಪಾತ್ರೆ ಹೀಗೆ ಒಳಗೂ ಹೊರಗೂ ಓಡಾಡಿತು. ಅವರು ರೊಟ್ಟಿ ಬಡಿಯುತ್ತಿದ್ದರು, ನಾನು ಪಲ್ಯ ಮಾಡುತ್ತಿದ್ದೆ, ವೀರೇಶ ಇಬ್ಬರ ನಡುವೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದ. ಅತ್ತೆ ತೋಟಕ್ಕೆ ಬರುವುದನ್ನು ಬಿಟ್ಟರು. ಜೂನ್ ತಿಂಗಳು, ಸಂಜೆ ಒಂಬತ್ತೂವರೆಯಾದರೂ ಬೆಳಕು. ಬಳ್ಳಿ ದಿನಕ್ಕೆ ಒಂದು ಗೇಣು ಏರುತ್ತಿತ್ತು. ಐದು ಮೀಟರ್ ಮುಟ್ಟಿದಾಗ ಅದು ಇಡೀ ಸಾಲಿನ ಯಾವ ತೋಟದಿಂದ ನೋಡಿದರೂ ಕಾಣುತ್ತಿತ್ತು.

ಕಂಡಿತು ಕೂಡ. ಸಂಘದಿಂದ ಕಾಗದ ಬಂತು. ವೀರೇಶ ಊಟದ ಮೇಜಿನಲ್ಲಿ ಓದಿ ಹೇಳಿದ: ಶನಿವಾರ ಅಧ್ಯಕ್ಷರು ಪರೀಕ್ಷೆಗೆ ಬರುತ್ತಾರೆ. ನಿಯಮ ಮೀರಿದ ಬಳ್ಳಿಯನ್ನು ಒಂದು ವಾರದೊಳಗೆ ತೆಗೆಯದಿದ್ದರೆ ಕರಾರು ರದ್ದು, ತೋಟ ವಾಪಸು. ಇಲ್ಲಿನ ಕಾಗದ ಎಂದರೆ ವೀರೇಶನಿಗೆ ಚಳಿಜ್ವರ.

"ಕತ್ತರಿಸಿಬಿಡೂಣು ಸುಜಾತಾ. ಸುಮ್ನ ಪ್ರಾಬ್ಲೆಮ್ ಯಾಕ? ಅಂಗಡಿ ಒಳಗ ಪ್ಯಾಕೆಟ್ ಸಿಗತೈತಿ."

"ಕತ್ತರಿಸಂಗಿಲ್ಲ."

"ರೂಲ್ ಐತಿ ಅಲ್ಲಾ?"

"ಇರ್ಲಿ. ತೋಟ ಹೋದ್ರೂ ಹೋಗ್ಲಿ, ನನ್ನ ಕೈಲೆ ನಾನು ಕತ್ತರಿಸಂಗಿಲ್ಲ."

ಅತ್ತೆ ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತಿದರು. ಹನ್ನೆರಡು ದಿನದಲ್ಲಿ ನನ್ನ ಕಡೆ ತಿರುಗಿ ಆಡಿದ ಮೊದಲ ಮಾತು: "ಬಳ್ಳಿ ಕತ್ತರಸಂತ ಯಾರು ಹೇಳಿದ್ರು?"

ಶನಿವಾರ ಅವರೂ ಬಂದರು. ಅಧ್ಯಕ್ಷ ಹೆರ್ ಕೆಲ್ಲರ್ ಅಳತೆಯ ಕೋಲು, ಫೈಲು ಹಿಡಿದು, ಇನ್ನೊಬ್ಬನನ್ನು ಸಾಕ್ಷಿಗೆ ಕರೆದುಕೊಂಡು ಬಂದರು. ಕೆಟ್ಟ ಮನುಷ್ಯನೇನಲ್ಲ. ಆದರೆ ನನ್ನೊಡನೆ ಮಾತಾಡದೆ ವೀರೇಶನೊಡನೆ ಮಾತಾಡಿದರು. ತೋಟ ನನ್ನ ಹೆಸರಿನಲ್ಲಿತ್ತು.

"ಐದು ಮೀಟರ್ ಹತ್ತು ಸೆಂಟಿಮೀಟರ್. ಇದು ತೋಟ, ಕಾಡಲ್ಲ. ಅಷ್ಟಕ್ಕೂ ಒಂದು ಮಾತು ಕೇಳಲಾ? ನಿಮ್ಮಲ್ಲಿ ಕುಡಿಯುವುದೇ ಇಲ್ಲವಲ್ಲ. ಇದು ನಿಮಗ್ಯಾಕೆ?"

"ಪ್ರಶ್ನೆ ನನ್ನನ್ನು ಕೇಳಿ," ಎಂದೆ ಜರ್ಮನ್‌ನಲ್ಲಿ. "ಬಿಯರ್ ಮಾಡುವವಳು ನಾನು. ಕುಡಿಯುವವಳೂ ನಾನೇ."

ಹೆರ್ ಕೆಲ್ಲರ್ ನನ್ನನ್ನೊಮ್ಮೆ, ಸೀರೆಯುಟ್ಟು ಹಣೆಗೆ ವಿಭೂತಿ ಹಚ್ಚಿದ್ದ ಅತ್ತೆಯನ್ನೊಮ್ಮೆ ನೋಡಿದರು. ಒಂದು ವಾರ ಸಮಯ, ಆಮೇಲೆ ಕರಾರು ರದ್ದು ಮಾಡಿ ನಾವೇ ಕತ್ತರಿಸುತ್ತೇವೆ ಎಂದರು. ಎಲ್ಲಿಗೆ ಕತ್ತರಿಸಬೇಕೆಂದು ತೋರಿಸಲು ಬಳ್ಳಿಯನ್ನು ಹಿಡಿದು ಎಳೆದರು. ಅತ್ತೆ ಎರಡೇ ಹೆಜ್ಜೆಯಲ್ಲಿ ಮುಂದೆ ಬಂದು ಅವರ ಕೈಗೂ ಕಂಬಕ್ಕೂ ನಡುವೆ ನಿಂತರು. ಅತ್ತೆಯ ತಲೆ ಅವರ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಹೆರ್ ಕೆಲ್ಲರ್ ಕೈ ಬಿಟ್ಟರು.

"ಏನಂತಾನ ಇಂವಾ? ಎಷ್ಟೆತ್ತರ ಇರಬೇಕಂತ?"

ನಾನು ಅಳತೆಯ ಕೋಲಿನ ಮೇಲೆ ಬೆರಳಿಟ್ಟು ತೋರಿಸಿದೆ.

"ಇಷ್ಟಽ ಏನು? ಮುಂದಿನ ವಾರ ಬಾ ಅನ್ನು."

ಅವರು ಹೋದ ಮೇಲೆ ಅತ್ತೆ ಬಳ್ಳಿಯ ಬುಡ ನೋಡುತ್ತ ನಿಂತರು. ನಾನು ಏನಾದರೂ ಹೇಳಬೇಕೆಂದು ಹೊರಟೆ. ಅವರೇ ತಡೆದರು.

"ಕುಡಿಯೂದು ನಿನ್ನ ತಪ್ಪು. ಅದು ತಪ್ಪಽ. ಬಳ್ಳಿದೇನು ತಪ್ಪೈತಿ? ಬಳ್ಳಿ ಎತ್ತರ ಆತಂದ್ರ ಇಳಸ್ತಾರ. ಕಡೀತಾರೇನು? ನಾವು ವರ್ಷಾ ಇಳಸಂಗಿಲ್ಲೇನು ಎಲಿಬಳ್ಳಿ?"

ವೀಳ್ಯದೆಲೆಯ ತೋಟದಲ್ಲಿ ಬಳ್ಳಿ ಕೈಗೆ ಸಿಗದಷ್ಟು ಮೇಲೆ ಹೋದಾಗ ಅದನ್ನು ಆಸರೆಯಿಂದ ಬಿಡಿಸಿ, ಕೆಳಗಿಳಿಸಿ, ಉದ್ದವನ್ನು ಬುಡದಲ್ಲಿ ಸುರುಳಿ ಸುತ್ತಿ, ತುದಿಯನ್ನು ಮತ್ತೆ ಮೇಲಕ್ಕೆ ಹತ್ತಿಸುತ್ತಾರೆ. ನಾನು ಆ ಮನೆಯ ಸೊಸೆಯಾಗಿ ಅದನ್ನು ಹತ್ತು ಸಲ ನೋಡಿದ್ದೆ. ನನಗೆ ಹೊಳೆದಿರಲಿಲ್ಲ.

ಮರುದಿನ ಭಾನುವಾರ. ಮೋಡ ಮುಚ್ಚಿತ್ತು. ಬಿಸಿಲಿಲ್ಲದ್ದು ಒಳ್ಳೇದಾತು, ಬಳ್ಳಿ ಬಾಡೂದಿಲ್ಲ ಎಂದರು. ಕೆಳಗಿನ ಎಲೆಗಳನ್ನೆಲ್ಲ ತೆಗೆದರು. ವೀರೇಶ ಏಣಿ ಹತ್ತಿ ತುದಿಯ ಕಟ್ಟು ಬಿಚ್ಚಿದ. ಅತ್ತೆ ಕೆಳಗಿನಿಂದ, "ಸಾವಕಾಶ... ಸಾವಕಾಶ... ಕೂಸು ಇಳಿಸಿದಂಗ ಇಳಸೋ," ಎನ್ನುತ್ತ ಬಳ್ಳಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಬುಡದಲ್ಲಿ ಸುರುಳಿ ಹಿಡಿದೆ. ಹಾಪ್ಸ್ ಕಾಂಡದ ತುಂಬ ಸಣ್ಣ ಮುಳ್ಳು, ಗರಗಸದ ಹಾಗೆ. ನಮ್ಮಿಬ್ಬರ ತೋಳೂ ಕೆಂಪು ಗೀರುಗಳಿಂದ ತುಂಬಿತು. ಮೂರು ಬಳ್ಳಿ ಸುಸೂತ್ರವಾಗಿ ಇಳಿದವು. ನಾಲ್ಕನೆಯದರ ತುದಿ ಲಟ್ಟೆಂದು ಮುರಿಯಿತು. ಅತ್ತೆ ನಾಲಿಗೆ ಕಚ್ಚಿಕೊಂಡು, ಆ ತುದಿಯನ್ನು ಹಣೆಗೆ ಒತ್ತಿಕೊಂಡು ಪಕ್ಕಕ್ಕಿಟ್ಟರು. ವೀರೇಶ ಕಂಬವನ್ನು ಎರಡೂವರೆ ಮೀಟರಿಗೆ ಕೊಯ್ದ. ಕೊಯ್ದು ಉಳಿದ ತುಂಡನ್ನೂ ಇನ್ನೆರಡು ಗೂಟಗಳನ್ನೂ ಅದೇ ಎತ್ತರಕ್ಕೆ ಬೇಲಿಯುದ್ದಕ್ಕೂ ನೆಟ್ಟು ಹಗ್ಗ ಬಿಗಿದೆವು. ಸೀರೆಯ ಚಿಂದಿಯಿಂದ ಬಳ್ಳಿಯನ್ನು ಮತ್ತೆ ಕಟ್ಟಿದೆವು, ಈ ಸಲ ಬಲಕ್ಕೆ.

ಫ್ರಾವ್ ವಿಂಕ್ಲರ್ ಬೇಲಿ ಹಿಡಿದು ಇಡೀ ಹೊತ್ತು ನೋಡುತ್ತಿದ್ದರು. "ನಮ್ಮಲ್ಲಿ ಬಳ್ಳಿ ಕೆಳಗೆ ಬಂತೆಂದರೆ ಆ ವರ್ಷಕ್ಕೆ ಅದು ಸತ್ತಿತು ಅಂತ," ಎಂದರು. "ಬದುಕಿಸಿ ಇಳಿಸುವುದನ್ನು ನಾನು ಕಂಡಿಲ್ಲ." ನಾನು ಅನುವಾದಿಸಿದೆ. "ನಮ್ಮ ಕಡೆ ಬಂದ್ರ ತೋರಸ್ತೀನಿ ಅನ್ನು," ಎಂದರು ಅತ್ತೆ. ರಾತ್ರಿ ನನ್ನ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚಿದರು. ಪಾತ್ರೆಯ ಮಾತು ಬರಲಿಲ್ಲ. ಆದರೆ ಬೆಳಗ್ಗೆ ಅದು ಬಾಲ್ಕನಿಯಲ್ಲಿರಲಿಲ್ಲ, ಇಟ್ಟಲ್ಲೇ ಇತ್ತು.

ಹೆರ್ ಕೆಲ್ಲರ್ ಶನಿವಾರ ಬಂದು ನಾಲ್ಕು ಕಡೆ ಅಳೆದರು. ಎಲ್ಲೂ ಎರಡೂವರೆ ದಾಟಲಿಲ್ಲ. ಬುಡದ ಸುರುಳಿಗಳನ್ನು ಕೋಲಿನಿಂದ ಮುಟ್ಟಿ ನೋಡಿ, "ಆದರೂ ಇದು ಹೊಲದ ಬೆಳೆ. ತೋಟಕ್ಕೆ ಸರಿ ಹೋಗುವುದಿಲ್ಲ," ಎಂದರು.

"ಯಾವ ಪ್ಯಾರಾಗ್ರಾಫ್?" ಎಂದೆ.

ನನ್ನ ಕೈಯಲ್ಲಿ ಸಂಘದ ನಿಯಮಾವಳಿ ಇತ್ತು, ಪುಟಪುಟಕ್ಕೂ ಹಳದಿ ಚೀಟಿ ಅಂಟಿಸಿಕೊಂಡು. ಅವರು ಫೈಲು ತೆರೆದರು. ಹುಡುಕಿದರು. ಬೇಲಿಯಾಚೆಯಿಂದ ಫ್ರಾವ್ ವಿಂಕ್ಲರ್ ತಮ್ಮ ಊರ ಭಾಷೆಯಲ್ಲಿ ಅವರಿಗೇನೋ ಅಂದರು. ಪೂರ್ತಿ ಅರ್ಥವಾಗಲಿಲ್ಲ, ಆದರೆ ಹೆರ್ ಕೆಲ್ಲರ್ ಅವರ ಕಿವಿ ಕೆಂಪಾದವು. ಫೈಲಿನಲ್ಲಿ ಎರಡು ಪದ ಬರೆದು ಸಹಿ ಹಾಕಿ, ಈ ಸಲ ನನ್ನ ಕೈ ಕುಲುಕಿ ಹೋದರು. ಎಲ್ಲ ಸರಿಯಿದೆ, ಎಂಬುದು ಆ ಎರಡು ಪದ.

ಇಷ್ಟಾದ ಮೇಲೆ ಅತ್ತೆ ನನ್ನ ಕಡೆಯವರಾದರು ಎಂದು ನಾನು ತಿಳಿದಿದ್ದೆ. ಹಾಗಾಗಿರಲಿಲ್ಲ. ಜುಲೈನಲ್ಲಿ ಕನ್ನಡದವರ ಪಿಕ್ನಿಕ್. ರೇಖಾ ಅತ್ತೆಯ ತಟ್ಟೆಗೆ ಬಿಸಿಬೇಳೆಬಾತ್ ಬಡಿಸುತ್ತ, ಸುತ್ತ ಕೂತ ಎಲ್ಲರಿಗೂ ಕೇಳುವಂತೆ, "ಅತ್ತೆಯವ್ರೇ, ನಿಮ್ ಸೊಸೆ ಮನೇಲೇ ಬಿಯರ್ ಮಾಡ್ತಾರೆ, ಗೊತ್ತಾ? ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ," ಎಂದಳು. ನಾನು ಅತ್ತೆಯ ಮುಖ ನೋಡಿದೆ. ಏನಾದರೂ ಹೇಳುತ್ತಾರೆ, ಬಾಯಿ ಮುಚ್ಚಿಸುತ್ತಾರೆ ಎಂದು ಕಾದೆ.

"ಗೊತ್ತೈತ್ರಿ. ನನಗೂ ಸೇರಂಗಿಲ್ಲ," ಎಂದು ಅತ್ತೆ ಊಟ ಮುಂದುವರಿಸಿದರು.

ರೇಖಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನಾನು ಎದ್ದು ಹೋಗಿ ಐಸಿನ ಡಬ್ಬದಿಂದ ಒಂದು ಬಾಟಲಿ ತೆಗೆದು, ವಾಪಸು ಬಂದು, ಅತ್ತೆಯ ಎದುರಿಗೇ ಕೂತು ಕುಡಿದೆ. ರುಚಿ ನೆನಪಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತ, "ಸಿಟ್ಟಿಲೆ ಕುಡೀಬ್ಯಾಡ," ಎಂದರು. "ಅಂವಾ ಸಿಟ್ಟಿಲೇನಽ ಶುರು ಮಾಡಿದ್ದ." ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ನಾನು ಈ ಕೆಲಸ ಶುರು ಮಾಡಿದ್ದೂ ಸಿಟ್ಟಿನಿಂದಲೇ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಬಳ್ಳಿಯನ್ನು ಆಮೇಲೂ ಎರಡು ಸಲ ಇಳಿಸಿದೆವು. ಮೇಲೆ ಹೋಗಲು ದಾರಿ ಸಿಗದೆ ಅದು ಪಕ್ಕದ ಕವಲುಗಳನ್ನೆಲ್ಲ ಹೊರಡಿಸಿತು. ಜುಲೈ ಮುಗಿಯುವಷ್ಟರಲ್ಲಿ ಬೇಲಿಯುದ್ದಕ್ಕೂ ಹಸಿರು ಗೋಡೆ. ಆಗಸ್ಟ್‌ನಲ್ಲಿ ಗೋಡೆಯ ತುಂಬ ಹೂವು, ಹೆಬ್ಬೆರಳ ತುದಿಯಷ್ಟು ದಪ್ಪ, ಎಸಳಿನ ಮೇಲೆ ಎಸಳು. ಅತ್ತೆ ಹೊರಡಲು ಮೂರು ದಿನ ಉಳಿದಿತ್ತು. ಫ್ರಾವ್ ವಿಂಕ್ಲರ್ ಇನ್ನೂ ಒಂದು ವಾರ ಬಿಡಬೇಕು ಎಂದರು. ಅತ್ತೆ ಒಂದು ಹೂವನ್ನು ಕಿವಿಯ ಹತ್ತಿರ ಹಿಡಿದು ಹಿಚುಕಿದರು. "ಒಣಗಿದ ಸಪ್ಪಳ ಬರತೈತಿ. ಆಗೈತಿ ಇದು." ಫ್ರಾವ್ ವಿಂಕ್ಲರ್ ತಾವೂ ಒಂದನ್ನು ಹಿಚುಕಿ, ಮೂಸಿ, ತಲೆದೂಗಿದರು.

ಮುಂದಿನ ವರ್ಷ ಬೇರಿನಿಂದ ಮತ್ತೆ ಚಿಗುರುವ ಬಳ್ಳಿಗಳನ್ನು ಕೊಯ್ದು ಮೊಣಕಾಲ ಮೇಲೆ ಹಾಕಿಕೊಂಡು ಇಡೀ ದಿನ ಹೂ ಬಿಡಿಸಿದೆವು. ಒಂದು ಬೆಂಚಿನ ಮೇಲೆ ಫ್ರಾವ್ ವಿಂಕ್ಲರ್, ಪಕ್ಕದಲ್ಲಿ ಅತ್ತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರ ಬಾರದು. ಫ್ರಾವ್ ವಿಂಕ್ಲರ್ ಬೆರಳು ಓಡಿಸುವುದನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅವರನ್ನೇ ಹಿಂದೆ ಹಾಕಿದರು. ಸಾವಿರಗಟ್ಟಲೆ ಎಲೆ ಎಣಿಸಿದ ಬೆರಳು ಅವು. ಬುಟ್ಟಿ ಯಾರದು ಬೇಗ ತುಂಬುತ್ತದೆ ಎಂದು ಇಬ್ಬರೂ ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದರು. ಅತ್ತೆಯ ಕೈಗೆ ಹೂವಿನೊಳಗಿನ ಹಳದಿ ಪುಡಿ ಮೆತ್ತಿತ್ತು. ಒಂದು ಬೆರಳನ್ನು ನಾಲಿಗೆಗೆ ತಾಗಿಸಿ ಮುಖ ಕಿವುಚಿದರು.

"ಬೇವಿಗಿಂತ ಕಹಿ ಐತಲ್ಲ! ಇದನ್ನ ಆಸೆಪಟ್ಟು ಕುಡೀತೀರೇನು?"

"ಹೌದು ಅತ್ತಿ."

"ನಿಮಗ ಹುಚ್ಚು."

ಹಳೇ ಬೆಡ್‌ಶೀಟುಗಳ ಮೇಲೆ ಹೂವನ್ನು ಹರವಿದ್ದರಿಂದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ದಿನ ಅವರೇ ಹೊತ್ತು ಹೊತ್ತಿಗೆ ಕೈಯಾಡಿಸಿ ಮಗುಚಿದರು. ಶಾಂತವ್ವನಿಗೆಂದು ಒಂದು ಹಿಡಿ ಬೇರೆ ತೆಗೆದು ಪೊಟ್ಟಣ ಕಟ್ಟಿದರು, ನಿದ್ದೆಯ ಚಹಾಕ್ಕೆ. ವಿಮಾನ ನಿಲ್ದಾಣದಲ್ಲಿ ಕಾಲು ಮುಟ್ಟಿ ನಮಸ್ಕರಿಸಿದಾಗ ನನ್ನ ತಲೆಯ ಮೇಲೆ ಕೈಯಿಟ್ಟರು.

ಸೆಪ್ಟೆಂಬರ್‌ನ ಮೊದಲ ವಾರ ನಾನು ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ, ರಸ ಬಸಿದು, ಆ ಹೂವು ಹಾಕಿ ಒಂದು ಗಂಟೆ ಕುದಿಸಿದೆ. ತಣಿಸಿ ಯೀಸ್ಟ್ ಹಾಕಿದೆ. ಎರಡು ವಾರ ಹುದುಗಲು ಬಿಟ್ಟು ಬಾಟಲಿಗೆ ತುಂಬಿ, ಮತ್ತೆ ಮೂರು ವಾರ ನೆಲಮಾಳಿಗೆಯಲ್ಲಿಟ್ಟೆ. ಮೂವತ್ತಾರು ಬಾಟಲಿ. ಮೊದಲನೆಯದನ್ನು ಫ್ರಾವ್ ವಿಂಕ್ಲರ್ ತೆರೆದರು. ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದವರು ಬಹಳ ಹೊತ್ತು ತೆರೆಯಲಿಲ್ಲ. ಆಫೀಸಿನವರಿಗೆ ನಾಲ್ಕು ಬಾಟಲಿ ಕೊಟ್ಟೆ. ಮುಂದಿನ ಸೋಮವಾರ, ಗ್ಯಾರೇಜಿಗೆ ಬರ್ತೀರಾ ಎಂದು ಕೇಳಿದರು. "ನನ್ನ ಅಡುಗೆಮನೆಗೆ ನೀವು ಬನ್ನಿ," ಎಂದೆ. ಇಬ್ಬರು ಬಂದರು.

ಮನೆಯಲ್ಲಿ ಕೂತು ಒಂದು ಲೋಟಕ್ಕೆ ಸುರಿದೆ. ತಾಮ್ರದ ಬಣ್ಣ, ಮೇಲೆ ಬಿಳಿ ನೊರೆ. ಫೋಟೋ ತೆಗೆದೆ. ಸವಣೂರಿನ ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿ, ಕೆಳಗೆ ಬರೆದೆ: ನಮ್ಮ ತೋಟದ ಹಾಪ್ಸ್, ನಾನೇ ಮಾಡಿದ ಬಿಯರ್.

"ಹಾಕಬ್ಯಾಡ," ಎಂದ ವೀರೇಶ.

"ಹಾಕಿಯಾತು."

ಒಂದು ಗಂಟೆಯಾದ ಮೇಲೆ ವೀರೇಶನ ಚಂದ್ರು ಕಾಕಾ ಉದ್ದಕ್ಕೆ ಬರೆದರು. ಲಿಂಗವಂತರ ಮನೆ, ಕೊರಳಾಗಿನ ಲಿಂಗ, ಮನೆತನದ ಹೆಸರು, ಪರದೇಶಕ್ಕೆ ಹೋದ ಸೊಸೆ. ಒಬ್ಬಿಬ್ಬರು ಕೈ ಜೋಡಿಸಿದ ಚಿತ್ರ ಹಾಕಿದರು. ನಾನು ಉತ್ತರ ಬರೆಯುತ್ತಿದ್ದೆ, ಖಾರವಾಗಿಯೇ. ಅಷ್ಟರಲ್ಲಿ ಗುಂಪಿಗೆ ಒಂದು ಧ್ವನಿ ಬಂತು. ಅತ್ತೆಯದು. ಅವರು ಆ ಗುಂಪಿನಲ್ಲಿ ಅದುವರೆಗೆ ಒಂದು ಸಲವೂ ಬಾಯಿ ತೆರೆದವರಲ್ಲ. ಹಿಂದೆ ಕೋಳಿ ಕೂಗುವುದು ಕೇಳಿಸುತ್ತಿತ್ತು.

"ಚಂದ್ರಣ್ಣ, ಆ ಹೂವು ಬಿಡಿಸಿದಾಕಿ ನಾನು. ಬಳ್ಳಿ ಇಳಿಸಿದಾಕೀನೂ ನಾನು. ಏನೀಗ? ಆಕೀಗೆ ಬೈಯೂದಿದ್ರ ನಾನು ಬೈತೀನಿ, ನನಗ ಬಾಯಿ ಐತಿ. ನೀ ಹುಬ್ಬಳ್ಳಿಗೆ ಹೋದಾಗೆಲ್ಲ ಎಲ್ಲಿ ಕುಂದರ್ತಿ ಅನ್ನೂದು ಎಲ್ಲಾರಿಗೂ ಗೊತ್ತೈತಿ. ಮೊದಲ ಆ ಲೋಟ ಕೆಳಗಿಡು, ಆಮ್ಯಾಲ ನನ್ನ ಸೊಸಿ ಸುದ್ದಿಗೆ ಬಾ."

ನಾನು ಬರೆಯುತ್ತಿದ್ದುದನ್ನು ಅಳಿಸಿದೆ. ವೀರೇಶ ಆ ಧ್ವನಿಯನ್ನು ಮೂರು ಸಲ ಹಾಕಿ ಕೇಳಿದ. ಮೂರನೇ ಸಲ ಅವನ ಕಣ್ಣಲ್ಲಿ ನೀರಿತ್ತು.

ಮರುದಿನ ಭಾನುವಾರ, ಅತ್ತೆ ನನಗೇ ಫೋನ್ ಮಾಡಿದರು. ಕಾಕಾನ ಮಾತು ಎತ್ತಲಿಲ್ಲ. ನಾನು ಥ್ಯಾಂಕ್ಸ್ ಹೇಳಲು ಹೋದರೆ ಬಿಡಲಿಲ್ಲ.

"ಅದಿರ್ಲಿ. ಈ ವಾರ ಎಷ್ಟು ಕುಡಿದಿ?"

"ಎರಡು ಬಾಟಲಿ, ಅತ್ತಿ."

"ಖರೇ ಹೇಳು."

"ಖರೇನಽ ಹೇಳಾಕತ್ತೀನಿ. ಎರಡು."

"ವಾರಾ ವಾರಾ ಕೇಳ್ತೀನಿ. ಸುಳ್ಳು ಹೇಳಿದ್ರ ದನಿಯಾಗ ಗೊತ್ತಾಗತೈತಿ ನನಗ. ಹದಿನೈದು ವರ್ಷ ಕೇಳೀನಿ ಆ ದನಿ."

"ಕೇಳ್ರಿ."

ಆಚೆ ಅತ್ತೆ ಕೋಳಿ ಓಡಿಸಿದ್ದು ಕೇಳಿಸಿತು.

"ಮತ್ತ, ಮೇ ತಿಂಗಳಿಗೆ ಟಿಕೆಟ್ ತಗಸು ಅನ್ನು ಅವನಿಗೆ," ಎಂದರು ಅತ್ತೆ. "ಆ ಬಳ್ಳಿ ಇಳಸೂದು ನಿಮ್ಮ ಕೈಲೆ ಆಗಂಗಿಲ್ಲ."